ನಾಲ್ಕೇ ದಿನದಲ್ಲಿ ಮಂಡಿ ನೋವು ಮಾಯ: ಆ ಕ್ಯಾಪ್ಸೂಲಿನಲ್ಲಿ ಏನಿರಬಹುದು?

ಪ್ರಶ್ನೆ: ಡಾಕ್ಟ್ರೇ, ನಾವು ಬೆಂಗಳೂರಿನ ವಿಜಯನಗರದಲ್ಲಿ ಎರಡನೇ ಮಹಡಿಯ ಮನೆಯಲ್ಲಿದ್ದೇವೆ, ಲಿಫ್ಟ್ ಇಲ್ಲ. ಅಮ್ಮನಿಗೆ 61 ವರ್ಷ. ಎತ್ತರ 5 ಅಡಿ 1 ಇಂಚು, ತೂಕ 78 ಕೆ.ಜಿ. ಐದಾರು ವರ್ಷದಿಂದ ಎರಡೂ ಮಂಡಿ ನೋವು. ಶುಗರ್, ಬಿಪಿ ಎರಡಕ್ಕೂ ಮಾತ್ರೆ ತೆಗೆದುಕೊಳ್ಳುತ್ತಾರೆ. ಅವರ ಭಜನೆ ಗುಂಪಿನ ಆಂಟಿ ಒಬ್ಬರು ಒಂದು ಕ್ಯಾಪ್ಸೂಲು, ಒಂದು ಪುಡಿ ತಂದುಕೊಟ್ಟರು. ಬೊಜ್ಜೂ ಕರಗುತ್ತೆ, ಮಂಡಿ ನೋವೂ ಹೋಗುತ್ತೆ ಅಂತ. ತಿಂಗಳಿಗೆ 3,600 ರೂಪಾಯಿ. ನಾಲ್ಕೇ ದಿನದಲ್ಲಿ ನೋವು ಹೋಯಿತು, ಅಮ್ಮ ಮೆಟ್ಟಿಲನ್ನು ಸರಾಗವಾಗಿ ಹತ್ತಿದರು. ಮೊದಲ ತಿಂಗಳು 3 ಕೆ.ಜಿ. ಇಳಿದರು. ಈಗ ಎರಡೂವರೆ ತಿಂಗಳಾಯಿತು. ಇಳಿದ ತೂಕ ವಾಪಸ್ ಬಂದಿದೆ, ಮುಖ ದುಂಡಗಾಗಿದೆ. ಖಾಲಿ ಹೊಟ್ಟೆಯಲ್ಲಿ 120ರ ಆಸುಪಾಸು ಇರುತ್ತಿದ್ದ ಶುಗರ್ ಹೋದ ವಾರ 186 ಬಂತು. ಪುಡಿ, ಕ್ಯಾಪ್ಸೂಲು ಎರಡನ್ನೂ ಎರಡು ದಿನ ಬಿಟ್ಟಿದ್ದಕ್ಕೆ ನೋವು ಮೊದಲಿಗಿಂತ ಜಾಸ್ತಿಯಾಗಿ, ವಿಪರೀತ ಸುಸ್ತಾಗಿ ಮತ್ತೆ ಶುರು ಮಾಡಿದ್ದಾರೆ. ಡಬ್ಬಿಯ ಮೇಲೆ ಆಯುರ್ವೇದದ ಪೇಟೆಂಟ್ ಔಷಧಿ ಎಂದು ಲೈಸೆನ್ಸ್ ನಂಬರ್ ಇದೆ. ಮುಂದುವರಿಸಬಹುದಾ? ಆ ಆಂಟಿಗೆ ಏನು ಹೇಳೋದು? ಅವರೂ ಇದನ್ನೇ ತಗೊಳ್ತಿದ್ದಾರೆ.

ಉತ್ತರ: ಮುಂದುವರಿಸುವುದು ಬೇಡ. ಆದರೆ ನಾಳೆ ಬೆಳಿಗ್ಗೆಯಿಂದ ದಿಢೀರ್ ಅಂತ ನಿಲ್ಲಿಸುವುದೂ ಬೇಡ. ಇಂದೋ ನಾಳೆಯೋ ನಿಮ್ಮ ತಾಯಿಯನ್ನು ಒಬ್ಬ ಫಿಸಿಷಿಯನ್ ಬಳಿ ಕರೆದುಕೊಂಡು ಹೋಗಿ. ಡಬ್ಬಿ, ಪುಡಿಯ ಪೊಟ್ಟಣ, ಜೊತೆಗೆ ಬಂದ ಚೀಟಿ, ಬಿಲ್ ಇದ್ದರೆ ಬಿಲ್ಲು, ಎಲ್ಲವೂ ಕೈಯಲ್ಲಿರಲಿ. ಅಷ್ಟರೊಳಗೆ ವಾಂತಿ, ತಲೆಸುತ್ತು, ಎದ್ದು ನಿಂತರೆ ಕಣ್ಣು ಕತ್ತಲೆ, ಜ್ವರ, ಮಂಕು ಏನಾದರೂ ಕಂಡರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, "ಎರಡೂವರೆ ತಿಂಗಳಿಂದ ಗಿಡಮೂಲಿಕೆ ಔಷಧಿ ತಗೊಳ್ತಿದ್ದಾರೆ, ಅದರಲ್ಲಿ ಸ್ಟೀರಾಯ್ಡ್ ಇರಬಹುದು ಅನ್ನೋ ಅನುಮಾನ" ಎಂದು ಮೊದಲೇ ಹೇಳಿ. ಈ ಒಂದು ಮಾತು ಅಲ್ಲಿ ತುಂಬಾ ಸಮಯ ಉಳಿಸುತ್ತದೆ.

ಡಬ್ಬಿಯನ್ನು ನಾನು ನೋಡಿಲ್ಲ. ಪರೀಕ್ಷೆ ಮಾಡಿಸದೆ ಅದರಲ್ಲಿ ಇಂಥದ್ದೇ ಇದೆ ಎಂದು ಯಾರೂ ಹೇಳಲಾಗುವುದಿಲ್ಲ. ಆದರೂ ನೀವು ಬರೆದದ್ದನ್ನು ಸಾಲಾಗಿ ಇಟ್ಟು ನೋಡಿ. ನಾಲ್ಕು ದಿನದಲ್ಲಿ ನೋವು ಮಾಯ. ಆಮೇಲೆ ಮುಖ ದುಂಡಗೆ, ಶುಗರ್ ಮೇಲೆ, ತೂಕ ವಾಪಸ್. ಬಿಟ್ಟರೆ ನೋವು, ಸುಸ್ತು. ಇದು ಗಿಡಮೂಲಿಕೆಯ ನಡೆ ಅಲ್ಲ, ಸ್ಟೀರಾಯ್ಡ್ ಮಾತ್ರೆಯ ನಡೆ. ನಿಮ್ಮ ಮನೆಯವರಿಗೆಲ್ಲ ನಂಬಿಕೆ ಹುಟ್ಟಿಸಿದ್ದು ಆ ನಾಲ್ಕು ದಿನದ ಪವಾಡ. ನನಗೆ ಅನುಮಾನ ಹುಟ್ಟಿಸುವುದೂ ಅದೇ.

ಯಾಕೆ ಅಂದರೆ, ಮಂಡಿ ಸವೆತ ನಿಧಾನದ ಕಾಯಿಲೆ. ಕೀಲಿನೊಳಗಿನ ಮೆತ್ತೆ, ಅಂದರೆ ಕಾರ್ಟಿಲೇಜ್, ವರ್ಷಗಟ್ಟಲೆ ಸವೆದಿರುತ್ತದೆ. ಸುತ್ತಲಿನ ಸ್ನಾಯು ಸೋತಿರುತ್ತದೆ. ಶಲ್ಲಕಿ, ಗುಗ್ಗುಳದಂಥ ಮೂಲಿಕೆಯಿಂದ ಒಂದಿಷ್ಟು ಆರಾಮ ಸಿಕ್ಕರೂ ಅದಕ್ಕೆ ವಾರಗಳು ಬೇಕು. ನಾಲ್ಕು ದಿನದಲ್ಲಿ ಎರಡು ಮಹಡಿ ಹತ್ತಿಸುವ ತಾಕತ್ತು ಇರುವುದು ನೋವಿನ ಮಾತ್ರೆಗೆ ಮತ್ತು ಸ್ಟೀರಾಯ್ಡಿಗೆ. ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಗಳು ತೀರಾ ಅಗ್ಗ. ಪುಡಿ ಮಾಡಿ ಬೆರೆಸಿದರೆ ಬಣ್ಣದಲ್ಲಾಗಲಿ ವಾಸನೆಯಲ್ಲಾಗಲಿ ಗೊತ್ತಾಗುವುದಿಲ್ಲ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಅಮೆರಿಕದಲ್ಲಿ ಆರ್ಟ್ರಿ ಕಿಂಗ್ ಎಂಬ ಹೆಸರಿನಲ್ಲಿ ಕೀಲುನೋವಿಗೆ ಒಂದು "ನೈಸರ್ಗಿಕ" ಮಾತ್ರೆ ಮಾರಾಟವಾಗುತ್ತಿತ್ತು. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದನ್ನು ಪರೀಕ್ಷಿಸಿದಾಗ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಮತ್ತು ಡೆಕ್ಸಾಮೆಥಾಸೋನ್ ಸಿಕ್ಕವು. ಲೇಬಲ್ಲಿನಲ್ಲಿ ಎರಡರ ಹೆಸರೂ ಇರಲಿಲ್ಲ. 2022ರಲ್ಲಿ ಆ ಸಂಸ್ಥೆ ಜನರನ್ನು ಮತ್ತೆ ಮತ್ತೆ ಎಚ್ಚರಿಸಿತು. ಲಿವರ್ ಕೆಟ್ಟವರು, ಸತ್ತವರು ಇದ್ದ ವರದಿಗಳೂ ಬಂದಿದ್ದವು. ಅವರು ಜನರಿಗೆ ಹೇಳಿದ್ದೂ ಇದನ್ನೇ: ಏಕಾಏಕಿ ಬಿಡಬೇಡಿ, ವೈದ್ಯರನ್ನು ಕಂಡು ಬಿಡಿ.

ಏಕಾಏಕಿ ಯಾಕೆ ಬಿಡಬಾರದು? ಮೂತ್ರಪಿಂಡದ ಮೇಲೆ ಅಡ್ರಿನಲ್ ಅಂತ ಎರಡು ಪುಟ್ಟ ಗ್ರಂಥಿಗಳಿವೆ. ದೇಹಕ್ಕೆ ಬೇಕಾದ ಸ್ಟೀರಾಯ್ಡ್ ಆದ ಕಾರ್ಟಿಸಾಲನ್ನು ಅವೇ ತಯಾರಿಸುತ್ತವೆ. ಮನೆಗೆ ದಿನಾ ಹೊರಗಿನಿಂದ ಊಟ ಬರುತ್ತಿದ್ದರೆ ಒಲೆ ಹಚ್ಚುವವರು ಯಾರು? ಹಾಗೆ, ಮೂರ್ನಾಲ್ಕು ವಾರ ಮೀರಿ ಹೊರಗಿನ ಸ್ಟೀರಾಯ್ಡ್ ಬಂದರೆ ಈ ಗ್ರಂಥಿಗಳು ಕೆಲಸ ನಿಲ್ಲಿಸಿಬಿಡಬಹುದು. ಆಗ ಮಾತ್ರೆ ಒಮ್ಮೆಲೇ ನಿಂತರೆ ದೇಹಕ್ಕೆ ಹೊರಗಿನದೂ ಇಲ್ಲ, ಒಳಗಿನದೂ ಇಲ್ಲ. ಬಿಪಿ ಕುಸಿಯಬಹುದು. ಒಂದು ಸಾಮಾನ್ಯ ಜ್ವರವೋ ಭೇದಿಯೋ ಜೀವಕ್ಕೆ ಕುತ್ತಾಗಬಹುದು. ನಿಮ್ಮ ತಾಯಿ ಎರಡು ದಿನ ಬಿಟ್ಟಾಗ ಬಂದ ಸುಸ್ತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ವೈದ್ಯರು ಸಾಮಾನ್ಯವಾಗಿ ಗೊತ್ತಿರುವ ಅಳತೆಯ ಸ್ಟೀರಾಯ್ಡ್ ಮಾತ್ರೆ ಕೊಟ್ಟು, ಗೊತ್ತಿಲ್ಲದ ಈ ಕ್ಯಾಪ್ಸೂಲನ್ನು ನಿಲ್ಲಿಸಿ, ಆಮೇಲೆ ಆ ಮಾತ್ರೆಯನ್ನೂ ಹಂತ ಹಂತವಾಗಿ ಕಡಿಮೆ ಮಾಡುತ್ತಾರೆ. "ಸ್ಟೀರಾಯ್ಡ್ ಬಿಡಿಸೋಕೆ ಹೋದರೆ ಸ್ಟೀರಾಯ್ಡೇ ಬರೆದುಕೊಟ್ಟರು" ಎಂದು ಗಾಬರಿಯಾಗಬೇಡಿ. ದಾರಿ ಅದೇ.

ಅಲ್ಲಿ ವೈದ್ಯರು ನೋಡುವುದು ಮುಖವನ್ನಷ್ಟೇ ಅಲ್ಲ. ಕತ್ತಿನ ಹಿಂದೆ, ಭುಜಗಳ ನಡುವೆ ಕೊಬ್ಬು ಉಬ್ಬಿದೆಯಾ ಎಂದು ಮುಟ್ಟಿ ನೋಡುತ್ತಾರೆ. ಮುಂಗೈ ಚರ್ಮ ನೋಡುತ್ತಾರೆ. ಸ್ಟೀರಾಯ್ಡ್ ಜಾಸ್ತಿಯಾದ ಹೆಂಗಸರಲ್ಲಿ ಬಳೆ ಸ್ವಲ್ಪ ಒತ್ತಿದರೂ ಅಲ್ಲಿ ನೀಲಿಗಟ್ಟಿರುತ್ತದೆ, ಎಲ್ಲಿ ತಾಗಿತು ಎಂಬುದೇ ಅವರಿಗೆ ನೆನಪಿರುವುದಿಲ್ಲ. ಕೈ ಊರದೆ ಕುರ್ಚಿಯಿಂದ ಏಳಲು ಹೇಳುತ್ತಾರೆ, ತೊಡೆಯ ಶಕ್ತಿ ಎಷ್ಟಿದೆ ಎಂದು ತಿಳಿಯಲು. ಬೆಳಿಗ್ಗೆ 8 ಗಂಟೆ ಹೊತ್ತಿಗೆ ರಕ್ತ ತೆಗೆದು ಕಾರ್ಟಿಸಾಲ್ ಪರೀಕ್ಷೆ ಮಾಡಿಸಬಹುದು. ಆ ಹೊತ್ತಿನಲ್ಲಿ ಅದು ಜಾಸ್ತಿ ಇರಬೇಕು. ಯಾವ ವೈದ್ಯರೂ ಸ್ಟೀರಾಯ್ಡ್ ಬರೆದುಕೊಡದೆ ಅದು ನೆಲಕಚ್ಚಿದ್ದರೆ ಕ್ಯಾಪ್ಸೂಲಿನ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ಕೆಲವು ಸ್ಟೀರಾಯ್ಡುಗಳು ಈ ಪರೀಕ್ಷೆಯ ಅಂಕಿಯನ್ನೇ ತಪ್ಪಾಗಿ ತೋರಿಸುತ್ತವೆ. ಹಾಗಾಗಿ ರಿಪೋರ್ಟ್ ಒಂದನ್ನೇ ಹಿಡಿದು ನೀವೇ ತೀರ್ಮಾನಕ್ಕೆ ಬರಬೇಡಿ. ಜೊತೆಗೆ ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಪೊಟ್ಯಾಷಿಯಂ, ಲಿವರ್ ಪರೀಕ್ಷೆ ಆಗಲಿ. ಬಿಪಿ ಮಾತ್ರೆಯ ಜೊತೆ ಗೊತ್ತಿಲ್ಲದ ನೋವಿನ ಮಾತ್ರೆಯೂ ಸೇರಿದ್ದರೆ ಕಿಡ್ನಿಗೆ ಪೆಟ್ಟು. ಶುಗರನ್ನು ಊಟದ ನಂತರವೂ ನೋಡಿಸಿ. ಸ್ಟೀರಾಯ್ಡ್ ಇದ್ದಾಗ ಮಧ್ಯಾಹ್ನದ ಮೇಲಿನ ಶುಗರೇ ಹೆಚ್ಚು ಏರುತ್ತದೆ, ಖಾಲಿ ಹೊಟ್ಟೆಯ ಅಂಕಿ ಅರ್ಧ ಕಥೆ ಮಾತ್ರ.

ಇನ್ನೊಂದು ವಿಷಯ. ನೋವು ನಿಜವಾಗಿ ಮಂಡಿ ಸವೆತದ್ದೇನಾ ಎಂದು ಯಾರಾದರೂ ನೋಡಿದ್ದಾರಾ? ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗಿಂತ ಜಾಸ್ತಿ ಹೊತ್ತು ಕೈಬೆರಳು ಮಡಿಸಲಾಗದಷ್ಟು ಬಿಗಿ, ಬೆರಳ ಗೆಣ್ಣು ಊತ ಇದ್ದರೆ ಅದು ರುಮಟಾಯ್ಡ್ ಆರ್ಥ್ರೈಟಿಸ್ ಇರಬಹುದು. ಅದಕ್ಕೆ ಬೇರೆಯೇ ಚಿಕಿತ್ಸೆ. ಕದ್ದುಮುಚ್ಚಿ ಬೆರೆಸಿದ ಸ್ಟೀರಾಯ್ಡ್ ಅದನ್ನು ಮುಚ್ಚಿಟ್ಟುಬಿಡುತ್ತದೆ, ಒಳಗೆ ಕೀಲು ಹಾಳಾಗುತ್ತಲೇ ಇರುತ್ತದೆ.

ಈಗ ತೂಕದ ವಿಷಯ. ಸ್ಟೀರಾಯ್ಡ್ ಹಸಿವು ಹೆಚ್ಚಿಸುತ್ತದೆ, ಹೊಟ್ಟೆ ಬೆಳೆಸುತ್ತದೆ. ಹಾಗಿದ್ದರೆ ಮೊದಲ ತಿಂಗಳು 3 ಕೆ.ಜಿ. ಇಳಿದದ್ದು ಹೇಗೆ? ಆ ಪುಡಿ ತಗೊಂಡ ಮೇಲೆ ಅಮ್ಮ ಎಷ್ಟು ಸಲ ಬಾತ್‌ರೂಮಿಗೆ ಹೋಗುತ್ತಿದ್ದರು, ಕೇಳಿ ನೋಡಿ. ಸೋನಾಮುಖಿಯಂಥ ಭೇದಿ ಮಾಡಿಸುವ ಎಲೆ, ಮೂತ್ರ ಹೆಚ್ಚಿಸುವ ಮಾತ್ರೆ ಇದ್ದರೆ ದೇಹದ ನೀರು ಹೋಗುತ್ತದೆ. ತಕ್ಕಡಿಯ ಮುಳ್ಳು ಇಳಿಯುತ್ತದೆ, ಕೊಬ್ಬು ಇದ್ದಲ್ಲೇ ಇರುತ್ತದೆ. ಇದಕ್ಕಿಂತ ಕೆಟ್ಟದ್ದು ಸಿಬುಟ್ರಮಿನ್. ಹಸಿವು ಕಮ್ಮಿ ಮಾಡಲು ಒಂದು ಕಾಲದಲ್ಲಿ ವೈದ್ಯರೇ ಕೊಡುತ್ತಿದ್ದ ಔಷಧಿ ಅದು. ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಹೆಚ್ಚಿಸುತ್ತದೆ ಎಂದು ಗೊತ್ತಾಗಿ 2010ರಲ್ಲಿ ಯುರೋಪ್, ಅಮೆರಿಕದಲ್ಲಿ ಹಿಂದೆ ಪಡೆದರು. 2011ರಲ್ಲಿ ಭಾರತವೂ ನಿಷೇಧಿಸಿತು. ಆಮೇಲೂ ಹಲವು ದೇಶಗಳಲ್ಲಿ "ಹರ್ಬಲ್" ಸ್ಲಿಮ್ಮಿಂಗ್ ಉತ್ಪನ್ನಗಳನ್ನು ಪರೀಕ್ಷಿಸಿದಾಗ ಇದು ಸಿಗುತ್ತಲೇ ಇದೆ. ಎದೆ ಡವಗುಟ್ಟುವುದು, ನಿದ್ದೆ ಬಾರದಿರುವುದು, ಬಾಯಿ ಒಣಗುವುದು ಇತ್ತಾ ಎಂದು ನಿಮ್ಮ ತಾಯಿಯನ್ನು ಕೇಳಿ. ಬಿಪಿ ಇರುವವರಿಗಂತೂ ಇದು ಬೆಂಕಿಯ ಜೊತೆ ಸರಸ.

ಡಬ್ಬಿಯ ಮೇಲೆ ಬರೆದಿರುವ ಮೂಲಿಕೆಗಳನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. "ಗಾರ್ಸಿನಿಯಾ" ಎಂದು ದೊಡ್ಡದಾಗಿ ಅಚ್ಚು ಹಾಕಿರುತ್ತಾರಲ್ಲ, ಅದು ನಮ್ಮ ಮಲೆನಾಡಿನ ಉಪ್ಪಾಗೆ. ಅಡುಗೆಗೆ ಹಾಕಿದರೆ ಒಳ್ಳೆಯ ಹುಳಿ. ಅದರ ಸಾರದಿಂದ ತೂಕ ಇಳಿಯುತ್ತದಾ ಎಂದು ಅಮೆರಿಕದಲ್ಲಿ ನಡೆದ ಪರೀಕ್ಷೆಯೊಂದು 1998ರಲ್ಲಿ ಪ್ರಕಟವಾಯಿತು. ಖಾಲಿ ಮಾತ್ರೆ ನುಂಗಿದವರಿಗಿಂತ ಹೆಚ್ಚೇನೂ ಇಳಿಯಲಿಲ್ಲ. ಗಟ್ಟಿ ಸಾರದ ಕ್ಯಾಪ್ಸೂಲು ನುಂಗಿ ಲಿವರ್ ಕೆಡಿಸಿಕೊಂಡವರ ವರದಿಗಳಂತೂ ಇವೆ. ಭಸ್ಮ, ಅಂದರೆ ಲೋಹ, ಖನಿಜಗಳನ್ನು ಸುಟ್ಟು ಮಾಡಿದ ಪುಡಿ, ಸೇರಿದ ಔಷಧಿಗಳದ್ದು ಬೇರೆಯೇ ತಲೆನೋವು. ಇಂಟರ್‌ನೆಟ್ಟಿನಲ್ಲಿ ಮಾರುತ್ತಿದ್ದ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐದರಲ್ಲಿ ಒಂದು ಪಾಲಿನಷ್ಟರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು.

ಇಷ್ಟು ಹೇಳಿದ್ದಕ್ಕೆ ನಾನು ಆಯುರ್ವೇದದ ವಿರೋಧಿ ಅಂದುಕೊಳ್ಳಬೇಡಿ. ಓದಿ ಪದವಿ ಪಡೆದ ವೈದ್ಯರು ನಾಡಿ ನೋಡುತ್ತಾರೆ, ಶುಗರ್ ಕೇಳುತ್ತಾರೆ, ಚೀಟಿ ಬರೆದು ಸಹಿ ಹಾಕುತ್ತಾರೆ. ಭಜನೆ ಗುಂಪಿನ ಮೂಲಕ, ಕೊರಿಯರ್ ಮೂಲಕ ಔಷಧಿ ಕಳಿಸುವುದಿಲ್ಲ. ಇಂಥ ಡಬ್ಬಿಗಳನ್ನು ಕಂಡರೆ ನನಗಿಂತ ಜಾಸ್ತಿ ಸಿಟ್ಟಾಗುವುದು ನನ್ನ ಪರಿಚಯದ ಆಯುರ್ವೇದ ವೈದ್ಯರೇ. ಹೆಸರು ಕೆಡುವುದು ಅವರದಲ್ವಾ? ಆಯುರ್ವೇದವೇ ಬೇಕು ಎಂದು ಅಮ್ಮ ಹಟ ಮಾಡಿದರೆ ಧನ್ವಂತರಿ ರಸ್ತೆಯ ಸರ್ಕಾರಿ ಆಯುರ್ವೇದ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮೆಜೆಸ್ಟಿಕ್‌ನಿಂದ ದೂರವೇನಿಲ್ಲ.

ಲೈಸೆನ್ಸ್ ನಂಬರ್ ಬಗ್ಗೆ ಕೇಳಿದ್ದೀರಿ. ಆಯುರ್ವೇದದ ಔಷಧಿಗಳಲ್ಲಿ ಎರಡು ಬಗೆ. ಹಳೆಯ ಗ್ರಂಥದಲ್ಲಿ ಹೇಳಿದ ಹಾಗೇ ಮಾಡಿದ್ದು ಒಂದು. ಆ ಗ್ರಂಥಗಳಲ್ಲಿರುವ ವಸ್ತುಗಳನ್ನೇ ತೆಗೆದುಕೊಂಡು ಕಂಪನಿ ತನ್ನದೇ ಪ್ರಮಾಣದಲ್ಲಿ ಬೆರೆಸಿದ್ದು ಇನ್ನೊಂದು. ನಿಮ್ಮ ಡಬ್ಬಿ ಎರಡನೆಯದು. ಹೊಸ ಅಲೋಪತಿ ಔಷಧಿಗೆ ಕೇಳುವಂಥ ದೊಡ್ಡ ಪ್ರಮಾಣದ ಪರೀಕ್ಷೆಯನ್ನು ಇದಕ್ಕೆ ಕೇಳುವುದಿಲ್ಲ. ಲೈಸೆನ್ಸ್ ಅಂದರೆ ಇಂಥ ವಸ್ತುಗಳಿಂದ ಇಂಥ ಕಾರ್ಖಾನೆಯಲ್ಲಿ ತಯಾರಿಸಲು ಅನುಮತಿ. ನಿಮ್ಮ ಕೈಗೆ ಬಂದ ಡಬ್ಬಿಯೊಳಗೆ ಅಷ್ಟೇ ಇದೆ ಎಂಬುದಕ್ಕೆ ಅದು ಖಾತ್ರಿಯಲ್ಲ. ನಂಬರೂ ನಕಲಿಯಾಗಿರಬಹುದು. ಕೆಲವರು ಇನ್ನೂ ಸುಲಭದ ದಾರಿ ಹಿಡಿಯುತ್ತಾರೆ: ಆಹಾರ ಸುರಕ್ಷತೆಯ ಸರ್ಕಾರಿ ಸಂಸ್ಥೆಯಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಹಾಕಿ ಆಹಾರ ಪೂರಕವೆಂದು ಮಾರುತ್ತಾರೆ. ಅಂಥ ಡಬ್ಬಿಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ "ಔಷಧಿಯಾಗಿ ಬಳಸಲು ಅಲ್ಲ" ಎಂಬರ್ಥದ ಇಂಗ್ಲಿಷ್ ಸಾಲು ಇರುತ್ತದೆ, ಹುಡುಕಿ ನೋಡಿ.

ಡಬ್ಬಿಗಿಂತ ಮುಖ್ಯ, ಅದರ ಜೊತೆ ಬಂದ ಕರಪತ್ರ ಮತ್ತು ವಾಟ್ಸಾಪ್ ಸಂದೇಶ. 1954ರ ಮಾಂತ್ರಿಕ ಪರಿಹಾರಗಳ ಕಾಯಿದೆಯಲ್ಲಿ ಒಂದು ಪಟ್ಟಿ ಇದೆ. ಅದರಲ್ಲಿರುವ ಕಾಯಿಲೆಗಳನ್ನು ಗುಣಪಡಿಸುತ್ತೇವೆ ಎಂದು ಸಾರ್ವಜನಿಕರಿಗೆ ಜಾಹೀರಾತು ಕೊಡುವುದೇ ಅಪರಾಧ. ಬೊಜ್ಜು, ಸಂಧಿವಾತ ಎರಡೂ ಆ ಪಟ್ಟಿಯಲ್ಲಿವೆ, ಸಕ್ಕರೆ ಕಾಯಿಲೆಯೂ ಇದೆ. ಹಾಗಾಗಿ ಚಾಲಾಕಿ ಕಂಪನಿ ಡಬ್ಬಿಯ ಮೇಲೆ "ಕೀಲುಗಳ ಆರೋಗ್ಯಕ್ಕೆ ಸಹಕಾರಿ" ಎಂದಷ್ಟೇ ಬರೆಯುತ್ತದೆ. "15 ದಿನದಲ್ಲಿ ಗ್ಯಾರಂಟಿ" ಅನ್ನುವುದು ಏಜೆಂಟರ ಬಾಯಲ್ಲಿ, ಫೋನಿನ ಫಾರ್ವರ್ಡ್‌ನಲ್ಲಿ. ಆ ಸಂದೇಶ ಅಳಿಸಬೇಡಿ, ದೂರು ಕೊಡುವಾಗ ಬೇಕಾಗುತ್ತದೆ.

ತೂಕ ಇಳಿಸಿ ಮಂಡಿ ನೋವನ್ನೂ ಇಳಿಸುವ ಔಷಧಿ ಇಲ್ಲವೇ ಇಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಇದೆ. ಸೆಮಾಗ್ಲುಟೈಡ್ ಎಂಬ ವಾರಕ್ಕೊಮ್ಮೆಯ ಸೂಜಿಯನ್ನು ಬೊಜ್ಜು ಮತ್ತು ಮಂಡಿ ಸವೆತ ಎರಡೂ ಇದ್ದ ಸುಮಾರು 400 ಜನರಲ್ಲಿ ಪರೀಕ್ಷಿಸಿದ್ದು 2024ರಲ್ಲಿ ಪ್ರಕಟವಾಯಿತು. 68 ವಾರಗಳಲ್ಲಿ ಸೂಜಿ ತೆಗೆದುಕೊಂಡವರ ತೂಕ ಶೇ. 13.7 ಇಳಿಯಿತು. 100 ಅಂಕಗಳ ನೋವಿನ ಅಳತೆಯಲ್ಲಿ ಸುಮಾರು 42 ಅಂಕ ಕಡಿಮೆಯಾಯಿತು. ಇದರಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಇನ್ನೊಂದು ಗುಂಪು. ಅವರಿಗೆ ಕೊಟ್ಟದ್ದು ಔಷಧಿಯೇ ಇಲ್ಲದ ಸೂಜಿ, ಜೊತೆಗೆ ಊಟ-ವ್ಯಾಯಾಮದ ಸಲಹೆ. ಅವರ ನೋವೂ ಸುಮಾರು 27 ಅಂಕ ಇಳಿಯಿತು! ಮಂಡಿ ನೋವು ಏರುತ್ತದೆ, ಇಳಿಯುತ್ತದೆ. ಜಾಸ್ತಿ ಇದ್ದಾಗಲೇ ಜನ ಔಷಧಿ ಹುಡುಕುತ್ತಾರೆ. ಯಾರಾದರೂ ಗಮನ ಕೊಟ್ಟು ನೋಡಿಕೊಂಡರೆ ಇನ್ನಷ್ಟು ಇಳಿಯುತ್ತದೆ. ಒಳಗೆ ಬರೀ ಹಿಟ್ಟಿದ್ದರೂ "ನನಗೆ ವಾಸಿಯಾಯ್ತು" ಅನ್ನುವ ಹತ್ತು ಜನ ಸಿಗುವುದು ಹೀಗೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ.

ತೂಕಕ್ಕೆಂದೇ ಕೊಡುವ ಈ ಸೂಜಿ 2025ರಲ್ಲಿ ಭಾರತಕ್ಕೂ ಬಂತು. ಅದು ವೈದ್ಯರ ಚೀಟಿ ಮೇಲೆ ಕೊಡಬೇಕಾದ ಔಷಧಿ. ವಾಂತಿ, ಮಲಬದ್ಧತೆ ಸಾಮಾನ್ಯ. ನಿಲ್ಲಿಸಿದರೆ ತೂಕ ಮರಳುವುದು ಹೆಚ್ಚು. ನಿಮ್ಮ ತಾಯಿಯ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, 32ರ ಮೇಲಿದೆ, ಶುಗರ್ ಕೂಡ ಇದೆ. ಹಾಗಾಗಿ ಸ್ಟೀರಾಯ್ಡ್ ಗಲಾಟೆ ಮುಗಿದ ಮೇಲೆ ಈ ಬಗ್ಗೆ ವೈದ್ಯರನ್ನು ಕೇಳುವುದರಲ್ಲಿ ತಪ್ಪಿಲ್ಲ. ಈಗಲೇ ಬೇಡ.

ಸೂಜಿ ಇಲ್ಲದೆಯೂ ಮಾಡುವುದು ಬಹಳ ಇದೆ. 1 ಕೆ.ಜಿ. ತೂಕ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು 4 ಕೆ.ಜಿ. ಕಡಿಮೆಯಾಗುತ್ತದೆ ಎಂದು ಅಳೆದು ನೋಡಿದ್ದಾರೆ. ನಿಮ್ಮ ತಾಯಿ 4 ಕೆ.ಜಿ. ಇಳಿದರೂ ಮಂಡಿಗೆ 16 ಕೆ.ಜಿ. ಹಗುರ. ಮೂರ್ನಾಲ್ಕು ತಿಂಗಳು ಹಿಡಿದರೂ ಪರವಾಗಿಲ್ಲ. ರಾಗಿ ಮುದ್ದೆ ತಿಂದರೆ ತೂಕ ಇಳಿಯುತ್ತೆ ಅನ್ನೋದನ್ನು ಕೇಳಿ ಕೇಳಿ ಸಾಕಾಗಿದೆ. ರಾಗಿ ಒಳ್ಳೆಯದೇ, ಆದರೆ ಕ್ಯಾಲೊರಿಯಲ್ಲಿ ಅಕ್ಕಿಗೂ ಅದಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಮುದ್ದೆಯ ಗಾತ್ರ ಅರ್ಧವಾಗಲಿ, ಪಕ್ಕದಲ್ಲಿ ಹೆಸರುಕಾಳು, ಸೊಪ್ಪಿನ ಹುಳಿ ದುಪ್ಪಟ್ಟಾಗಲಿ. ಅಡುಗೆ ಎಣ್ಣೆ ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ಸಾಕು. ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಪ್ಯಾಕೆಟ್ ಬರುತ್ತದೆ, ಲೆಕ್ಕ ಹಾಕಿ. ಸಂಜೆ ಕಾಫಿಯ ಜೊತೆಯ ಕೋಡುಬಳೆ, ಚಕ್ಕುಲಿಯ ಡಬ್ಬಿ ಕೈಗೆ ಸಿಗದ ಜಾಗಕ್ಕೆ ಹೋಗಲಿ.

ಮಂಡಿಗೆ ಬೇಕಾದದ್ದು ತೊಡೆಯ ಮುಂಭಾಗದ ಸ್ನಾಯುವಿನ ಬಲ. ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರ ಚಾಚಿ, ಹತ್ತು ಎಣಿಸುವ ತನಕ ಹಿಡಿದು, ನಿಧಾನವಾಗಿ ಇಳಿಸುವುದು. ಒಂದೊಂದು ಕಾಲಿಗೆ ಹತ್ತು ಸಲ, ದಿನಕ್ಕೆರಡು ಹೊತ್ತು. ಮೊದಲ ವಾರ ಸ್ನಾಯು ನೋಯುತ್ತದೆ, ನೋಯಲಿ. ಮೆಟ್ಟಿಲು ಹತ್ತುವಾಗ ನೋವು ಕಮ್ಮಿ ಇರುವ ಕಾಲು ಮುಂದೆ, ಇಳಿಯುವಾಗ ಜಾಸ್ತಿ ನೋವಿರುವ ಕಾಲು ಮುಂದೆ. ಊರುಗೋಲು ಹಿಡಿಯುವುದಾದರೆ ಹೆಚ್ಚು ನೋಯುವ ಮಂಡಿಯ ವಿರುದ್ಧ ಬದಿಯ ಕೈಯಲ್ಲಿ ಹಿಡಿಯಬೇಕು. ಹೆಚ್ಚಿನವರು ನೋಯುವ ಕಡೆಯೇ ಹಿಡಿದು ಓಡಾಡುತ್ತಾರೆ. ಪೂಜೆಗೆ ಮಣೆ ಬದಲು ಸ್ಟೂಲ್, ಇಂಡಿಯನ್ ಟಾಯ್ಲೆಟ್ ಇದ್ದರೆ ಅದರ ಮೇಲಿಡುವ ಕಮೋಡ್ ಕುರ್ಚಿ. ನೋವು ಜಾಸ್ತಿಯಾದ ದಿನ ಮಾತ್ರೆಗಿಂತ ಹಚ್ಚುವ ಡೈಕ್ಲೋಫೆನಾಕ್ ಜೆಲ್ ವಾಸಿ, ಕಿಡ್ನಿಗೆ ಹೋಗುವ ಪಾಲು ತೀರಾ ಕಡಿಮೆ. ತಿಂಗಳಿಗೆ 3,600 ರೂಪಾಯಿ ಖರ್ಚು ಮಾಡಲು ತಯಾರಿದ್ದೀರಲ್ಲ, ಆ ದುಡ್ಡಿನಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಕೆಲವು ಸಲ ಹೋಗಿ ವ್ಯಾಯಾಮ ಸರಿಯಾಗಿ ಕಲಿಯಬಹುದು.

ಒಂದಕ್ಕೆ ಅಮ್ಮನನ್ನು ಈಗಲೇ ಸಿದ್ಧ ಮಾಡಿ. ಕ್ಯಾಪ್ಸೂಲು ಬಿಡುವ ವಾರಗಳಲ್ಲಿ ನೋವು ಮರಳಿ ಬರುತ್ತದೆ, ಮೈಕೈಯೂ ನೋಯುತ್ತದೆ. "ನೋಡಿದ್ಯಾ, ಆ ಔಷಧಿನೇ ಚೆನ್ನಾಗಿತ್ತು" ಎಂದು ಅವರು ಹೇಳುವುದು ಆಗಲೇ. ಡಬ್ಬಿಗೆ ಕೈ ಹಾಕುವ ಮುಂಚೆ ವೈದ್ಯರಿಗೆ ಫೋನ್ ಮಾಡಿ. ಡೋಸ್ ಬೇಗ ಇಳಿಸಿದ್ದರೆ ಅವರು ಸರಿ ಮಾಡುತ್ತಾರೆ.

ಉಳಿದ ಕ್ಯಾಪ್ಸೂಲುಗಳನ್ನು ಕಸಕ್ಕೆ ಹಾಕಬೇಡಿ. ಅಡ್ಡಪರಿಣಾಮ ವರದಿ ಮಾಡಲು 1800-180-3024 ಎಂಬ ಉಚಿತ ಸಹಾಯವಾಣಿ ಇದೆ. ನೀವು ತೋರಿಸುವ ವೈದ್ಯರೂ ವರದಿ ಕಳಿಸಬಹುದು. ಆಯುರ್ವೇದದ ಲೈಸೆನ್ಸ್ ಇರುವ ಉತ್ಪನ್ನದ ಬಗ್ಗೆ ದೂರನ್ನು ಧನ್ವಂತರಿ ರಸ್ತೆಯಲ್ಲಿರುವ ರಾಜ್ಯ ಆಯುಷ್ ಇಲಾಖೆಗೆ ಬರವಣಿಗೆಯಲ್ಲಿ ಕೊಡಿ. ಬ್ಯಾಚ್ ನಂಬರ್, ಬಿಲ್, ಆ ವಾಟ್ಸಾಪ್ ಸಂದೇಶದ ಪ್ರತಿ ಜೊತೆಗಿಡಿ.

ಇನ್ನು ಆ ಆಂಟಿಯ ವಿಷಯ. ಅವರ ಮೇಲೆ ಹರಿಹಾಯಬೇಡಿ. ಅವರೂ ಅದನ್ನೇ ನುಂಗುತ್ತಿದ್ದಾರೆ ಅಂದರೆ ಅವರಿಗೂ ಇದೇ ಅಪಾಯ. "ಮೋಸ ಹೋದ್ರಿ" ಅಂದರೆ ಜಗಳವಾಗುತ್ತದೆ, ಅಥವಾ ಹೆದರಿ ಆ ರಾತ್ರಿಯೇ ಎಲ್ಲ ಬಿಟ್ಟುಬಿಡುತ್ತಾರೆ. ಅದಕ್ಕಿಂತ, "ಅಮ್ಮನಿಗೆ ಶುಗರ್ ಏರಿದೆ, ಡಾಕ್ಟರು ಕ್ಯಾಪ್ಸೂಲ್ ಮೇಲೆ ಅನುಮಾನ ಪಟ್ಟಿದ್ದಾರೆ, ನೀವೂ ಒಂದು ಸಲ ಶುಗರ್, ಬಿಪಿ ನೋಡಿಸಿ, ಬನ್ನಿ ಒಟ್ಟಿಗೆ ಹೋಗೋಣ, ಅಲ್ಲಿ ತನಕ ತಾವಾಗೇ ನಿಲ್ಲಿಸಬೇಡಿ" ಎಂದು ಹೇಳಿ. ಭಜನೆ ಗುಂಪಿನಲ್ಲಿ ಇನ್ನು ಯಾರ್ಯಾರು ತಗೊಳ್ತಿದ್ದಾರೆ ಎಂಬುದೂ ಅವರಿಗೇ ಗೊತ್ತಿರುತ್ತದೆ.